ಸುಂದುಬು ಜಿಗೆಯ ಬಗೆಗಳು: ಯಾವುದನ್ನು ಹೇಗೆ ಸವಿಯಬೇಕು?

ಪ್ರಶ್ನೆ: ಕೆಲಸದ ನಿಮಿತ್ತ ದಕ್ಷಿಣ ಕೊರಿಯಾದ ಸುವಾನ್ ನಗರದಲ್ಲಿ ನೆಲೆಸಿದ್ದೇನೆ. ಇಲ್ಲಿನ ಊಟಗಳಲ್ಲಿ ನನಗೆ ಬಹಳ ಹಿಡಿಸಿರುವುದು ಮೆತ್ತನೆಯ ತೋಫು ಹಾಕಿ ಕುದಿಸುವ ಸುಂದುಬು ಜಿಗೆ. ಆದರೆ ಹೋಟೆಲಿನ ಪಟ್ಟಿಯಲ್ಲಿ ಅದರದ್ದೇ ಹತ್ತಾರು ಹೆಸರುಗಳಿರುತ್ತವೆ. ಯಾವುದು ಏನೆಂದು ತಿಳಿಯದೆ ಪ್ರತಿ ಸಲವೂ ಅದೇ ಒಂದನ್ನು ತರಿಸಿಕೊಳ್ಳುತ್ತೇನೆ. ಮನೆಯಲ್ಲಿ ಮಾಡಿದರೆ ನೀರುನೀರಾಗುತ್ತದೆ, ಹೋಟೆಲಿನ ರುಚಿ ಬರುವುದಿಲ್ಲ. ನನ್ನ ಪತ್ನಿ ಶುದ್ಧ ಸಸ್ಯಾಹಾರಿ, ಮೊಟ್ಟೆಯನ್ನೂ ತಿನ್ನುವುದಿಲ್ಲ. ಅವರಿಗೆ ಇದನ್ನು ಮಾಡಿಕೊಡಬಹುದೇ? ಮುಂದೆ ಮೈಸೂರಿಗೆ ಮರಳಿದ ಮೇಲೆ ಅಲ್ಲಿ ಇದು ಸಾಧ್ಯವೇ?

ಉತ್ತರ: ನಿಮ್ಮ ಎಲ್ಲ ಪ್ರಶ್ನೆಗಳೂ ಕೊನೆಗೆ ತೋಫುವಿನ ಬಳಿಗೇ ಬಂದು ನಿಲ್ಲುವುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಈ ಜಿಗೆ ಮೇಜಿಗೆ ಬಂದಾಗ ಮೊದಲು ಕಣ್ಣಿಗೆ ಬೀಳುವುದು ಅದರ ಕೆಂಪು ಬಣ್ಣ, ಮೂಗಿಗೆ ಬಡಿಯುವುದು ಬೆಳ್ಳುಳ್ಳಿ ಮತ್ತು ಎಳ್ಳೆಣ್ಣೆಯ ಘಮ. ಆದ್ದರಿಂದ ಹೊಸಬರು ಇದನ್ನು ಖಾರದ ಸಾರು ಎಂದೂ, ತೋಫುವನ್ನು ಅದರಲ್ಲಿ ತೇಲುವ ಹೋಳು ಎಂದೂ ತಿಳಿದುಕೊಳ್ಳುತ್ತಾರೆ. ನಿಜಕ್ಕೂ ಆ ಪಾತ್ರೆಯಲ್ಲಿ ಅರ್ಧಕ್ಕಿಂತ ಹೆಚ್ಚಿರುವುದು ತೋಫು. ಸಾರು ಇರುವುದು ಅದಕ್ಕೆ ಉಪ್ಪು, ಖಾರ ಮತ್ತು ಬಿಸಿಯನ್ನು ಒದಗಿಸುವುದಕ್ಕೆ. ಪಟ್ಟಿಯಲ್ಲಿರುವ ಹತ್ತಾರು ಹೆಸರುಗಳಲ್ಲಿ ಬದಲಾಗುವುದು ಸಾರು ಮತ್ತು ಅದರ ಜೊತೆಗಾರರು ಮಾತ್ರ, ತೋಫು ಬದಲಾಗುವುದಿಲ್ಲ. ಸೋಯಾ ಅವರೆಯ ಸಣ್ಣ ಸಿಹಿಯನ್ನು ಎತ್ತಿಕೊಡುವ ಬಗೆ ಒಳ್ಳೆಯದು, ಅದನ್ನು ಮುಚ್ಚಿಹಾಕುವ ಬಗೆ ಅಷ್ಟು ಒಳ್ಳೆಯದಲ್ಲ. ನಾನು ಮುಂದೆ ಹೇಳುವುದೆಲ್ಲವೂ ಈ ಒಂದು ಅಳತೆಗೋಲನ್ನು ಹಿಡಿದು ಹೇಳುವ ಮಾತು.

ಸುಂದುಬು ಎಂದರೆ ಒತ್ತದೆ ಬಿಟ್ಟ ತೋಫು. ನೆನೆಸಿದ ಸೋಯಾ ಅವರೆಯನ್ನು ರುಬ್ಬಿ, ಕಾಯಿಸಿ, ಬಟ್ಟೆಯಲ್ಲಿ ಸೋಸಿ ಹಾಲು ತೆಗೆಯುತ್ತಾರೆ. ಆ ಬಿಸಿ ಹಾಲಿಗೆ ಕಡಲುಪ್ಪಿನಿಂದ ಇಳಿಯುವ ಕಹಿನೀರನ್ನು, ಅಂದರೆ ಕೊರಿಯನ್ನರು ಗಾನ್ಸು ಎನ್ನುವ ದ್ರವವನ್ನು ಸೇರಿಸಿದಾಗ ಅದರಲ್ಲಿರುವ ಮೆಗ್ನೀಶಿಯಂ ಕ್ಲೋರೈಡ್ ಹಾಲಿನ ಪ್ರೋಟೀನನ್ನು ಗಂಟುಗಟ್ಟಿಸುತ್ತದೆ. ಆ ಗಂಟುಗಳನ್ನು ಅಚ್ಚಿಗೆ ಸುರಿದು ಭಾರ ಹೇರಿದರೆ ಗಟ್ಟಿ ತೋಫು ಸಿಗುತ್ತದೆ. ಭಾರ ಹೇರದೆ, ತಿಳಿನೀರಿನ ಸಮೇತ ಬಟ್ಟಲಿಗೆ ಬಡಿಸಿದರೆ ಅದೇ ಸುಂದುಬು. ಅಂಗಡಿಯಲ್ಲಿ ನೀವು ಕೊಳ್ಳುವ ಕೊಳವೆಯಾಕಾರದ ಪೊಟ್ಟಣದಲ್ಲಿರುವುದು ಇದಕ್ಕಿಂತ ತುಸು ಬೇರೆ. ಅಲ್ಲಿ ಸೋಯಾ ಹಾಲಿಗೆ ಹೆಪ್ಪುಗಟ್ಟಿಸುವ ಪದಾರ್ಥವನ್ನು ಬೆರೆಸಿ, ಪ್ಲಾಸ್ಟಿಕ್ ಕೊಳವೆಗೆ ತುಂಬಿ ಮುಚ್ಚಿದ ಬಳಿಕ ಬಿಸಿ ಮಾಡುತ್ತಾರೆ. ಹಾಲು ಪೊಟ್ಟಣದೊಳಗೇ ಗಟ್ಟಿಯಾಗುತ್ತದೆ. ಆದ್ದರಿಂದ ಕೈಯಲ್ಲಿ ಮಾಡಿದ ಸುಂದುಬು ಸಣ್ಣ ಸಣ್ಣ ಮೋಡಗಳಂತೆ ಬಿಡಿಬಿಡಿಯಾಗಿರುತ್ತದೆ, ಕೊಳವೆಯದು ಚಾಕು ಹಾಕಿದರೆ ಜಾರುವಷ್ಟು ನುಣುಪಾಗಿರುತ್ತದೆ. ರುಚಿಯಲ್ಲಿ ಮೊದಲನೆಯದು ಮೇಲು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಕೆಂಪು ಜಿಗೆಗೆ ಕೊಳವೆಯ ಸುಂದುಬುವೇ ಹೆಚ್ಚು ಒಗ್ಗುತ್ತದೆ ಎಂದೂ ಹೇಳಬೇಕು, ಏಕೆಂದರೆ ಅದು ದೊಡ್ಡ ದೊಡ್ಡ ಹೋಳುಗಳಾಗಿ ನಿಂತು, ಹೊರಗೆ ಖಾರವನ್ನು ಹೊದ್ದು, ಒಳಗೆ ಬಿಳಿಯಾಗಿಯೇ ಉಳಿಯುತ್ತದೆ.

ಕೈಯಲ್ಲಿ ಮಾಡಿದ ಸುಂದುಬುವನ್ನು ಒಮ್ಮೆಯಾದರೂ ಅದರ ಊರಿನಲ್ಲೇ ತಿನ್ನಿ. ಪೂರ್ವ ಕರಾವಳಿಯ ಗಾಂಗ್ನುಂಗ್ ನಗರದಲ್ಲಿ, ಗ್ಯೋಂಗ್ಪೊ ಕಡಲತೀರಕ್ಕೆ ಹತ್ತಿರದಲ್ಲಿ, ಚೋದಾಂಗ್ ಎಂಬ ಭಾಗವಿದೆ. ಪಶ್ಚಿಮ ಕರಾವಳಿಯ ಹಾಗೆ ವಿಶಾಲವಾದ ಕೆಸರು ಬಯಲುಗಳಾಗಲಿ ಉಪ್ಪಿನ ಗದ್ದೆಗಳಾಗಲಿ ಅಲ್ಲಿಲ್ಲ. ಆದ್ದರಿಂದ ಅಲ್ಲಿನವರು ಕಹಿನೀರಿನ ಬದಲಿಗೆ ಶುದ್ಧವಾದ ಕಡಲ ನೀರನ್ನೇ ಬಳಸಿ ಹಾಲನ್ನು ಒಡೆಸುವುದನ್ನು ರೂಢಿಸಿಕೊಂಡರು. ಚೋದಾಂಗ್ ಎಂಬುದು 16ನೆಯ ಶತಮಾನದ ವಿದ್ವಾಂಸ ಮತ್ತು ಅಧಿಕಾರಿ ಹೊ ಯೊಪ್ (1517–1580) ಅವರ ಅಂಕಿತನಾಮ. ಕಡಲ ನೀರಿನಿಂದ ತೋಫು ಮಾಡುವುದನ್ನು ಅವರೇ ತೋರಿಸಿಕೊಟ್ಟರೆಂದು ಊರಿನವರು ಹೇಳುತ್ತಾರೆ. ಅವರ ಮಗಳು ಕವಯಿತ್ರಿ ಹೊ ನಾನ್ಸೊಲ್ಹೊನ್ ಮತ್ತು ಮಗ ಹೊ ಗ್ಯುನ್ ಅವರ ನೆನಪಿನ ಉದ್ಯಾನ ಇಂದಿಗೂ ಅದೇ ಭಾಗದಲ್ಲಿದೆ. ಊರಿನ ಕಥೆಯನ್ನು ಕಥೆಯಾಗಿಯೇ ಇಟ್ಟುಕೊಳ್ಳೋಣ. ಆದರೆ ಕಡಲ ನೀರಿನಿಂದಾದ ತೋಫುವಿಗೆ ಹಿತವಾದ ತೆಳು ಉಪ್ಪು ಇರುವುದು ನಾಲಿಗೆಗೇ ತಿಳಿಯುತ್ತದೆ. ಅಲ್ಲಿನ ಹಳೆಯ ಅಂಗಡಿಗಳಲ್ಲಿ ಸುಂದುಬು ಬೆಕ್ಬಾನ್ ಎಂದು ಕೇಳಿದರೆ ಬಿಸಿಬಿಸಿ ಬಿಳಿ ಸುಂದುಬು, ಅನ್ನ, ಕಿಮ್ಚಿ ಎಂಬ ಹುಳಿ ಬರಿಸಿದ ಖಾರದ ಎಲೆಕೋಸು, ಕೆಲವು ಪಲ್ಯಗಳು ಮತ್ತು ಚಿಕ್ಕ ಬಟ್ಟಲಿನಲ್ಲಿ ಮಸಾಲೆ ಬೆರೆಸಿದ ಸೋಯಾ ಸಾಸ್ ಬರುತ್ತವೆ. ಮೊದಲ ಎರಡು ಮೂರು ಚಮಚಗಳನ್ನು ಏನನ್ನೂ ಬೆರೆಸದೆ ತಿನ್ನಿ, ಆಮೇಲೆ ಸಾಸನ್ನು ಹನಿಹನಿಯಾಗಿ ಸೇರಿಸಿಕೊಳ್ಳಿ. ಈ ರುಚಿ ಒಮ್ಮೆ ನಾಲಿಗೆಯಲ್ಲಿ ನಿಂತರೆ, ಮುಂದೆ ಯಾವ ಕೆಂಪು ಜಿಗೆಯನ್ನು ತಿಂದರೂ ಅದರಲ್ಲಿ ತೋಫು ಎಷ್ಟು ಒಳ್ಳೆಯದು ಎಂಬುದು ನಿಮಗೆ ತಾನಾಗಿ ಗೊತ್ತಾಗುತ್ತದೆ. 2017ರ ಡಿಸೆಂಬರಿನಲ್ಲಿ ಕೆಟಿಎಕ್ಸ್ ಎಂಬ ಅತಿವೇಗದ ರೈಲು ಆರಂಭವಾದ ಮೇಲೆ ಸೋಲ್‌ನಿಂದ ಗಾಂಗ್ನುಂಗ್‌ಗೆ ಸುಮಾರು ಎರಡು ಗಂಟೆಯ ದಾರಿ. ತೋಫು ಮಾಡುವ ಕೆಲಸ ನಸುಕಿಗೇ ಮುಗಿಯುವುದರಿಂದ ಬೆಳಗಿನ ಹೊತ್ತಿಗೇ ಅಂಗಡಿ ತಲುಪುವಂತೆ ಹೊರಡಿ.

ಈಗ ನಗರದ ಹೋಟೆಲುಗಳ ಪಟ್ಟಿಗೆ ಬರೋಣ. ಹೆಮುಲ್ ಎಂದಿದ್ದರೆ ಕಡಲಿನ ಪದಾರ್ಥಗಳು: ಸಾಮಾನ್ಯವಾಗಿ ಚಿಪ್ಪಿಮೀನು, ಸಿಗಡಿ, ಕೆಲವೊಮ್ಮೆ ಬೊಂಡಾಸ್. ಬಾಜಿರಾಕ್ ಅಥವಾ ಜೋಗೆ ಎಂದಿದ್ದರೆ ಚಿಪ್ಪಿಮೀನು ಮಾತ್ರ. ಗುಲ್ ಎಂದರೆ ಆಯ್ಸ್ಟರ್, ದ್ವೆಜಿ ಎಂದರೆ ಹಂದಿ, ಸೋಗೋಗಿ ಎಂದರೆ ದನದ ಮಾಂಸ, ಬೊಸೊತ್ ಎಂದರೆ ಅಣಬೆ, ಮಾಂದು ಎಂದರೆ ಹಿಟ್ಟಿನೊಳಗೆ ಹೂರಣ ತುಂಬಿದ ಕಡುಬು, ಗೋಪ್ಚಾಂಗ್ ಎಂದರೆ ಕರುಳು, ದುಲ್ಕೆ ಎಂದರೆ ಪೆರಿಲ್ಲಾ ಬೀಜದ ಪುಡಿ. ಹೆಸರಿನಲ್ಲಿ ಹಾಯಾನ್ ಅಥವಾ ಬೆಕ್ ಎಂಬ ಮಾತಿದ್ದರೆ ಅದು ಮೆಣಸಿನಕಾಯಿಯಿಲ್ಲದ ಬಿಳಿ ಜಿಗೆ. ಕೆಲವು ಹೋಟೆಲುಗಳಲ್ಲಿ, ವಿಶೇಷವಾಗಿ ಅಮೆರಿಕದಿಂದ ಬಂದ ಮಾದರಿಯವುಗಳಲ್ಲಿ, ಪದಾರ್ಥವನ್ನು ಆರಿಸಿಕೊಂಡ ಮೇಲೆ ಖಾರದ ಮಟ್ಟವನ್ನೂ ನೀವೇ ಹೇಳಬೇಕು.

ಆ ಅಮೆರಿಕದ ಮಾದರಿಯ ಬಗ್ಗೆ ಎರಡು ಮಾತು ಇಲ್ಲಿ ಸಲ್ಲುತ್ತದೆ. ಸುಂದುಬು ಜಿಗೆಯನ್ನೇ ಮುಖ್ಯ ಊಟವಾಗಿಸಿ, ಅದಕ್ಕೆಂದೇ ಮೀಸಲಾದ ಹೋಟೆಲನ್ನು ಲಾಸ್ ಏಂಜಲೀಸ್‌ನಲ್ಲಿ 1986ರಲ್ಲಿ ಆರಂಭಿಸಿದವರು ಮೋನಿಕಾ ಲೀ. ಅವರ ಬೆವರ್ಲಿ ಸೂನ್ ಟೋಫು 2020ರಲ್ಲಿ ಮುಚ್ಚಿತು. 1996ರಲ್ಲಿ ಅದೇ ನಗರದ ಕೊರಿಯಾಟೌನಿನಲ್ಲಿ ಬಿಸಿಡಿ ಟೋಫು ಹೌಸನ್ನು ಕಟ್ಟಿದವರು ಲೀ ಹೀ ಸೂಕ್, ಅವರು 2020ರ ಜುಲೈನಲ್ಲಿ ತೀರಿಕೊಂಡರು. ಸೋಲ್ ನಗರದ ಬುಕ್ಚಾಂಗ್‌ದೋಂಗ್ ಎಂಬ ಬಡಾವಣೆಯ ಹೆಸರನ್ನೇ ಅವರು ತಮ್ಮ ಹೋಟೆಲಿಗೆ ಇಟ್ಟಿದ್ದರು. ಖಾರದ ಮಟ್ಟಗಳನ್ನು ಆರಿಸಿಕೊಳ್ಳುವುದು, ಕಲ್ಲಿನ ಪಾತ್ರೆಯಲ್ಲಿ ಆಗಷ್ಟೇ ಬೇಯಿಸಿದ ಅನ್ನ, ಜೊತೆಗೆ ಹುರಿದ ಸಣ್ಣ ಮೀನು, ಮೇಜಿನ ಮೇಲೆ ಹಸಿ ಮೊಟ್ಟೆ — ಈ ಕ್ರಮ ಅಲ್ಲಿ ಬಹಳ ಹೆಸರು ಮಾಡಿತು. ಇಂದು ಕೊರಿಯಾದಲ್ಲಿಯೇ ‘ಎಲ್‌ಎ’ ಎಂಬ ಅಕ್ಷರಗಳನ್ನು ಮುಂದಿಟ್ಟುಕೊಂಡ ಸುಂದುಬು ಹೋಟೆಲುಗಳನ್ನು ನೀವು ನೋಡಿರಬಹುದು. ಮನೆಮಠ ಬಿಟ್ಟು ಬಂದವರು ಪರದೇಶದಲ್ಲಿ ಬೆಳೆಸಿದ ಕ್ರಮವೊಂದು ಮರಳಿ ತವರಿನಲ್ಲಿ ನೆಲೆಯೂರಿದ್ದನ್ನು ನಾನು ಗೌರವದಿಂದಲೇ ಕಾಣುತ್ತೇನೆ.

ಬಗೆಗಳಲ್ಲಿ ನನ್ನ ಮೊದಲ ಶಿಫಾರಸು ಚಿಪ್ಪಿಮೀನಿನದು. ನಮ್ಮ ಕರಾವಳಿಯವರು ಮರುವಾಯಿ ಎನ್ನುವುದರ ಹತ್ತಿರದ ಬಳಗವೇ ಇಲ್ಲಿನ ಬಾಜಿರಾಕ್. ಚಿಪ್ಪು ಬಾಯಿ ಬಿಟ್ಟಾಗ ಹೊರಬರುವ ಉಪ್ಪುನೀರು ಸಾರಿಗೆ ಕೊಡುವ ಸವಿಯನ್ನು ಬೇರೆ ಯಾವುದೂ ಕೊಡಲಾರದು. ಅದರ ಮುಂದೆ ತೋಫುವಿನ ಸಿಹಿ ಇನ್ನಷ್ಟು ಸ್ಪಷ್ಟವಾಗುತ್ತದೆ. ಮನೆಯಲ್ಲಿ ಮಾಡುವುದಾದರೆ ಒಂದು ಲೀಟರ್ ನೀರಿಗೆ 30 ಗ್ರಾಂ ಉಪ್ಪು ಬೆರೆಸಿ, ಚಿಪ್ಪಿಮೀನನ್ನು ಅದರಲ್ಲಿ ಹಾಕಿ, ಬೆಳಕು ಬೀಳದಂತೆ ಮುಚ್ಚಿ ಎರಡು ಗಂಟೆ ಬಿಟ್ಟರೆ ಮರಳೆಲ್ಲ ಉಗುಳಿಬಿಡುತ್ತದೆ. ಬೆಂದ ಮೇಲೂ ಬಾಯಿ ಬಿಡದ ಚಿಪ್ಪುಗಳನ್ನು ತೆಗೆದುಹಾಕಿ. ಚಿಪ್ಪಿಮೀನು ಹಾಕಿದ ದಿನ ಉಪ್ಪನ್ನು ಕೊನೆಯಲ್ಲಿ ರುಚಿ ನೋಡಿಯೇ ಸೇರಿಸಬೇಕು. ಆಯ್ಸ್ಟರ್ ಚಳಿಗಾಲದ ಪದಾರ್ಥ. ದಕ್ಷಿಣ ಕರಾವಳಿಯ ತೋಂಗ್ಯೊಂಗ್ ಅದಕ್ಕೆ ಹೆಸರಾದ ಊರು. ಅದನ್ನು ಒಲೆ ಆರಿಸುವ ಒಂದು ನಿಮಿಷ ಮುಂಚೆ ಹಾಕಬೇಕು, ಹೆಚ್ಚು ಕುದಿದರೆ ಮುದುಡಿ ರಬ್ಬರಿನಂತಾಗುತ್ತದೆ. ಹಂದಿಮಾಂಸದ್ದು ಮನೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಬಗೆ. ಅದರ ಕೊಬ್ಬಿನಲ್ಲಿ ಮೆಣಸಿನ ಪುಡಿ ಬಾಡಿದಾಗ ಬರುವ ಘಮಕ್ಕೆ ಸೋಲದವರು ಕಡಿಮೆ.

ಕಿಮ್ಚಿ ಸುಂದುಬು ಬಹಳ ಜನಪ್ರಿಯ, ಆದರೆ ಎಚ್ಚರ ಬೇಕಾದ ಬಗೆ. ಹೊಸ ಕಿಮ್ಚಿಯನ್ನು ನೇರವಾಗಿ ಸಾರಿಗೆ ಹಾಕಿದರೆ ಎಲೆಕೋಸಿನ ಹಸಿವಾಸನೆಯೂ ಹುಳಿಯೂ ಬೇರೆ ಬೇರೆಯಾಗಿ ನಿಲ್ಲುತ್ತವೆ. ಚೆನ್ನಾಗಿ ಹುಳಿ ಬಂದ ಹಳೆಯ ಕಿಮ್ಚಿಯನ್ನು ಸಣ್ಣಗೆ ಹೆಚ್ಚಿ, ಎಣ್ಣೆಯಲ್ಲಿ ಅದು ಪಾರದರ್ಶಕವಾಗುವವರೆಗೆ ತಾಳ್ಮೆಯಿಂದ ಬಾಡಿಸಿ, ಚಿಟಿಕೆ ಸಕ್ಕರೆ ಸೇರಿಸಿದರೆ ಮಾತ್ರ ಹುಳಿ ಮೆತ್ತಗಾಗಿ ತೋಫುವಿನ ಜೊತೆ ಹೊಂದಿಕೊಳ್ಳುತ್ತದೆ. ಹ್ಯಾಮ್, ಚೀಸ್, ರಾಮ್ಯೊನ್ ಎಂಬ ದಿಢೀರ್ ನೂಡಲ್ಸ್ ಹಾಕಿದ ಬಗೆಗಳನ್ನು ನಾನು ಹೊಟ್ಟೆ ತುಂಬಿಸುವ ಊಟವೆಂದು ಒಪ್ಪುತ್ತೇನೆ, ಸುಂದುಬುವನ್ನು ಸವಿಯುವ ದಾರಿಯೆಂದು ಒಪ್ಪಲಾರೆ. ಚೀಸಿನ ಜಿಡ್ಡು ನಾಲಿಗೆಯ ಮೇಲೆ ಕುಳಿತುಬಿಟ್ಟರೆ ಸೋಯಾದ ಸಿಹಿ ಗೊತ್ತಾಗುವುದಿಲ್ಲ; ರಾಮ್ಯೊನ್ ಸಾರನ್ನೆಲ್ಲ ಹೀರಿಕೊಳ್ಳುತ್ತದೆ. ಗಾಂಗ್ನುಂಗ್‌ನಲ್ಲಿ ಇತ್ತೀಚಿನ ವರ್ಷಗಳಲ್ಲಿ ಸಾಲು ನಿಂತು ತಿನ್ನುವ ಜಾಂಪೋಂಗ್ ಸುಂದುಬು — ತರಕಾರಿ ಮತ್ತು ಕಡಲಿನ ಪದಾರ್ಥಗಳನ್ನು ಜೋರು ಉರಿಯಲ್ಲಿ ಬಾಡಿಸಿ ಮಾಡಿದ ಕೆಂಪು ಸಾರಿಗೆ ಬಿಳಿ ಸುಂದುಬು ಹಾಕಿದ್ದು — ಬಹಳ ರುಚಿಕರ. ಆದರೂ ಅಷ್ಟು ದೂರ ಹೋದವರು ಮೊದಲು ಬಿಳಿಯದನ್ನು ತಿಂದು, ಆಮೇಲೆ ಅದಕ್ಕೆ ಕೈ ಹಾಕುವುದು ಒಳಿತು.

ಪೆರಿಲ್ಲಾ ಬೀಜದ ದುಲ್ಕೆ ಸುಂದುಬುವಿಗೆ ಪಟ್ಟಿಗಳಲ್ಲಿ ಸಿಗುವ ಸ್ಥಾನ ಅದರ ಯೋಗ್ಯತೆಗಿಂತ ಬಹಳ ಕಡಿಮೆ. ಹುರಿದ ಎಳ್ಳಿಗೆ ದೂರದ ನೆಂಟನೆನಿಸುವ, ಆದರೆ ಅದಕ್ಕಿಂತ ತಂಪಾದ, ಸೊಪ್ಪಿನ ಘಮ ಬೆರೆತ ಆ ಪುಡಿ ಸಾರನ್ನು ಮಂದವಾಗಿಸುತ್ತದೆ, ತೋಫುವಿನ ಬಣ್ಣವನ್ನಾಗಲಿ ಸಿಹಿಯನ್ನಾಗಲಿ ಕದಡುವುದಿಲ್ಲ. ನಿಮ್ಮ ಪತ್ನಿಯವರಿಗೆ ನಾನು ಹೇಳುವ ಬಗೆಯೂ ಇದೇ. ಅದರ ವಿವರಕ್ಕೆ ಆಮೇಲೆ ಬರುತ್ತೇನೆ, ಮೊದಲು ನಿಮ್ಮ ಜಿಗೆ ನೀರಾಗುವ ಕಾರಣವನ್ನು ನೋಡೋಣ.

ಕಾರಣ ಎರಡು. ಒಂದು, ಸುಂದುಬು ತನ್ನೊಳಗೇ ಬಹಳ ನೀರನ್ನು ಇಟ್ಟುಕೊಂಡಿರುತ್ತದೆ. ಕಾದಂತೆ ಅದನ್ನು ಬಿಡುತ್ತಲೇ ಹೋಗುತ್ತದೆ. ಎರಡು, ನಮ್ಮ ಸಾರು ಹುಳಿಗಳ ಅಭ್ಯಾಸದಿಂದ ನಾವು ಮೊದಲೇ ಪಾತ್ರೆ ತುಂಬ ನೀರು ಇಡುತ್ತೇವೆ. ಸುಮಾರು 350 ಗ್ರಾಮಿನ ಒಂದು ಕೊಳವೆ ಸುಂದುಬುವಿಗೆ ಒಂದು ಲೋಟ, ಅಂದರೆ 200ರಿಂದ 250 ಮಿಲಿಲೀಟರ್ ಸಾರು ಸಾಕು. ಪಾತ್ರೆಯಲ್ಲಿ ಅದು ಏನೇನೂ ಸಾಲದೆಂದು ಕಂಡರೂ ನೀರು ಸೇರಿಸಬೇಡಿ, ಮೂರು ನಿಮಿಷದಲ್ಲಿ ತೋಫು ತನ್ನ ಪಾಲನ್ನು ತಾನೇ ಕೊಡುತ್ತದೆ. ಕೊಳವೆಯನ್ನು ನಡುವೆ ಕತ್ತರಿಸಿ, ಎರಡು ತುದಿಯನ್ನೂ ಹಿಸುಕಿ ತೋಫುವನ್ನು ಜರಡಿಗೆ ಜಾರಿಸಿ, ಹತ್ತು ನಿಮಿಷ ಬಿಟ್ಟರೆ ಮೇಲಿನ ನೀರು ಇಳಿದುಹೋಗುತ್ತದೆ. ಪಾತ್ರೆಗೆ ಹಾಕಿದ ಮೇಲೆ ಸೌಟಿನಿಂದ ಕಲಕಬೇಡಿ, ಚಮಚದ ಅಂಚಿನಿಂದ ಮೂರು ನಾಲ್ಕು ದೊಡ್ಡ ಹೋಳು ಮಾಡಿ ಬಿಟ್ಟುಬಿಡಿ. ಕಲಕಿದಷ್ಟೂ ತೋಫು ಪುಡಿಯಾಗಿ, ನೀರು ಬಿಟ್ಟು, ಸಾರು ಬಣ್ಣಗೆಟ್ಟು ತೆಳುವಾಗುತ್ತದೆ.

ಹೋಟೆಲಿನ ರುಚಿ ಬರದಿರುವುದಕ್ಕೆ ಕಾರಣ ಬೇರೆ. ಮೆಣಸಿನ ಪುಡಿಯನ್ನು ನೀರಿಗೆ ಹಾಕಿದರೆ ಖಾರ ಬರುತ್ತದೆ, ಬಣ್ಣ ಮತ್ತು ಘಮ ಬರುವುದಿಲ್ಲ, ಏಕೆಂದರೆ ಮೆಣಸಿನಕಾಯಿಯ ಕೆಂಪು ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ಆದ್ದರಿಂದ ಮೊದಲು ದಪ್ಪ ತಳದ ಪಾತ್ರೆಯಲ್ಲಿ ಒಂದು ದೊಡ್ಡ ಚಮಚ ಎಣ್ಣೆ, ಅರ್ಧ ಚಿಕ್ಕ ಚಮಚ ಎಳ್ಳೆಣ್ಣೆ ಹಾಕಿ, ಈರುಳ್ಳಿ ಸೊಪ್ಪಿನ ಬಿಳಿ ಭಾಗವನ್ನು ಸಣ್ಣ ಉರಿಯಲ್ಲಿ ಬಾಡಿಸಿ. ಘಮ ಎದ್ದ ಮೇಲೆ ಜಜ್ಜಿದ ಬೆಳ್ಳುಳ್ಳಿ, ಹಂದಿ ಮಾಂಸ ಹಾಕುವುದಿದ್ದರೆ 50 ಗ್ರಾಂ ಕೀಮಾ ಸೇರಿಸಿ ಬಾಡಿಸಿ. ಅನಂತರ ಉರಿಯನ್ನು ಪೂರ್ತಿ ತಗ್ಗಿಸಿ ಒಂದು ದೊಡ್ಡ ಚಮಚ ಗೋಚುಗಾರು, ಅಂದರೆ ಕೊರಿಯಾದ ಮೆಣಸಿನ ಪುಡಿ ಹಾಕಿ ಕೈಯಾಡಿಸಿ. ಅರ್ಧ ನಿಮಿಷದೊಳಗೆ ಎಣ್ಣೆ ಕಡುಗೆಂಪಾಗಿ ಅಂಚಿಗೆ ಬರುತ್ತದೆ. ಇನ್ನರ್ಧ ನಿಮಿಷ ಬಿಟ್ಟರೆ ಪುಡಿ ಕಂದಿ ಕಹಿಯಾಗುತ್ತದೆ, ಹಾಗಾದರೆ ಅದನ್ನು ಚೆಲ್ಲಿ ಹೊಸದಾಗಿ ಆರಂಭಿಸುವುದೊಂದೇ ದಾರಿ. ಬಣ್ಣ ಬಂದ ಕೂಡಲೇ ಒಂದು ಚಿಕ್ಕ ಚಮಚ ಗುಕ್‌ಗಾಂಜಾಂಗ್, ಅಂದರೆ ಸಾರಿಗೆ ಬಳಸುವ ತಿಳಿಬಣ್ಣದ ಉಪ್ಪುಪ್ಪಾದ ಸೋಯಾ ಸಾಸ್ ಹಾಕಿ, ಅದು ಚುರ್ರೆಂದ ಮೇಲೆ ಸಾರನ್ನು ಹೊಯ್ಯಿರಿ. ಹೋಟೆಲುಗಳಲ್ಲಿ ಈ ಬಾಡಿಸಿದ ಮಸಾಲೆಯನ್ನು ಹೆಚ್ಚಾಗಿ ಮೊದಲೇ ಮಾಡಿಟ್ಟುಕೊಳ್ಳುತ್ತಾರೆ. ನೀವೂ ವಾರಕ್ಕಾಗುವಷ್ಟು ಮಾಡಿ ಫ್ರಿಜ್‌ನಲ್ಲಿಟ್ಟರೆ ಸಂಜೆ ಕೆಲಸದಿಂದ ಬಂದ ಮೇಲೆ ಜಿಗೆಗೆ ಹದಿನೈದು ನಿಮಿಷ ಸಾಕು.

ಸಾರಿಗೆ ಸಾಮಾನ್ಯವಾಗಿ ಬಳಸುವುದು ಮ್ಯೊಲ್ಚಿ ಎಂಬ ಒಣ ಆಂಚೋವಿ ಮೀನು ಮತ್ತು ದಶಿಮಾ ಎಂಬ ಕಡಲಪಾಚಿಯ ಒಣ ಹಾಳೆ. ಮೀನಿನ ತಲೆಯನ್ನೂ ಕಪ್ಪು ಕರುಳನ್ನೂ ಚಿವುಟಿ ತೆಗೆಯದಿದ್ದರೆ ಸಾರು ಕಹಿಯಾಗುತ್ತದೆ. ಒಂದು ಲೀಟರ್ ತಣ್ಣೀರಿಗೆ ಹತ್ತು ದೊಡ್ಡ ಮೀನು, ಅಂಗೈಯಗಲದ ದಶಿಮಾ ಹಾಕಿ ಒಲೆಯ ಮೇಲಿಡಿ. ಕುದಿ ಬಂದೊಡನೆ ದಶಿಮಾವನ್ನು ತೆಗೆದು, ಮೀನನ್ನು ಇನ್ನು ಹತ್ತು ನಿಮಿಷ ಕುದಿಸಿ ಸೋಸಿದರೆ ಆಯಿತು. ಕುದಿಯುವ ಈ ಸಾರಿಗೆ ತೋಫು ಸೇರಿಸಿ ಮೂರು ನಾಲ್ಕು ನಿಮಿಷ ಜೋರಾಗಿ ಕುದಿಸಬೇಕು. ಹೊರಗೆ ಕುದಿಯುತ್ತಿದ್ದರೂ ಹೋಳಿನ ಒಳಗು ತಣ್ಣಗಿರುವುದುಂಟು. ಉಪ್ಪಿನ ಬದಲು ಉಪ್ಪಿನಲ್ಲಿ ಹುದುಗಿಸಿದ ಸಣ್ಣ ಸಿಗಡಿಯನ್ನು, ಅಂದರೆ ಸೇವುಜೊತ್ ಅನ್ನು, ಅರ್ಧ ಚಿಕ್ಕ ಚಮಚ ಹಾಕಿ ನೋಡಿ. ಬಿಳಿ ಜಿಗೆಗೆ ಅದು ಬಹಳ ಒಪ್ಪುತ್ತದೆ.

ಪಾತ್ರೆಯೂ ಮುಖ್ಯ. ತುಕ್ಪೆಗಿ ಎಂಬ ಕಂದು ಮಣ್ಣಿನ ಪಾತ್ರೆ ನಿಧಾನವಾಗಿ ಕಾದು ನಿಧಾನವಾಗಿ ಆರುತ್ತದೆ. ಒಲೆಯಿಂದ ಇಳಿಸಿದ ಮೇಲೂ ಮೇಜಿನ ಮೇಲೆ ಕುದಿಯುತ್ತಿರುವುದು ಅದರಿಂದಲೇ. ಬರಿದಾದ ಪಾತ್ರೆಯನ್ನು ಜೋರು ಉರಿಗೆ ಇಡಬೇಡಿ, ಬಿಸಿ ಪಾತ್ರೆಯನ್ನು ಒದ್ದೆ ಕಟ್ಟೆಯ ಮೇಲೆ ಇಡಬೇಡಿ, ಎರಡರಿಂದಲೂ ಬಿರುಕು ಬಿಡುತ್ತದೆ. ಮಣ್ಣಿನ ಸಣ್ಣ ರಂಧ್ರಗಳು ಸಾಬೂನು ನೀರನ್ನು ಹೀರಿಕೊಳ್ಳುವುದರಿಂದ ಅಕ್ಕಿ ತೊಳೆದ ನೀರಿನಲ್ಲಿ ಅಥವಾ ಹಿಟ್ಟು ಹಾಕಿ ಉಜ್ಜಿ ತೊಳೆಯುವುದು ಕ್ಷೇಮ.

ತಿನ್ನುವ ಕ್ರಮದಲ್ಲಿ ಆತುರ ಸಲ್ಲದು. ಹಸಿ ಮೊಟ್ಟೆ ತಿನ್ನುವವರು ಅದನ್ನು ಜಿಗೆ ಬಂದ ಕೂಡಲೇ, ಗುಳ್ಳೆಗಳೇಳುತ್ತಿರುವಾಗಲೇ ಒಡೆದು ಹಾಕಿ ಚಮಚದಿಂದ ತೋಫುವಿನ ಕೆಳಕ್ಕೆ ತಳ್ಳಬೇಕು, ತಡಮಾಡಿದರೆ ಬಿಳಿ ಭಾಗ ಬೇಯುವುದಿಲ್ಲ. ಅನ್ನ ಕಲ್ಲಿನ ಪಾತ್ರೆಯಲ್ಲಿ ಬಂದಿದ್ದರೆ ಮೊದಲು ಅದನ್ನು ಬಟ್ಟಲಿಗೆ ತೋಡಿಕೊಂಡು, ತಳ ಹಿಡಿದ ಗರಿ ಅನ್ನದ ಮೇಲೆ ಬಿಸಿನೀರು ಹೊಯ್ದು ಮುಚ್ಚಳ ಮುಚ್ಚಿಡಿ. ಊಟ ಮುಗಿಯುವ ಹೊತ್ತಿಗೆ ಅದು ತೆಳು ಗಂಜಿಯಾಗಿ, ಖಾರ ತಿಂದ ಬಾಯಿಗೆ ಹಿತವಾಗಿರುತ್ತದೆ. ಅನ್ನವನ್ನೆಲ್ಲ ಜಿಗೆಗೆ ಸುರಿದು ಕಲಸುವುದಕ್ಕಿಂತ ಒಂದು ಚಮಚ ಅನ್ನ, ಅದರ ಮೇಲೆ ಒಂದು ಹೋಳು ತೋಫು, ತುಸು ಸಾರು ಎಂದು ತಿನ್ನುತ್ತ ಹೋದರೆ ಬಿಳಿ, ಕೆಂಪು ಎರಡರ ರುಚಿಯೂ ಕೊನೆಯವರೆಗೆ ಉಳಿಯುತ್ತದೆ. ತೋಫುವಿನ ಒಳಗಿನ ಬಿಸಿ ಮೋಸಗೊಳಿಸುವಂಥದ್ದು, ಆದ್ದರಿಂದ ಹೋಳನ್ನು ಚಮಚದಲ್ಲೇ ಒಡೆದು ಆರಿಸಿಕೊಳ್ಳಿ.

ಇನ್ನು ನಿಮ್ಮ ಪತ್ನಿಯವರ ವಿಷಯ. ಹೋಟೆಲಿನಲ್ಲಿ ಅಣಬೆಯ ಸುಂದುಬು ಎಂದು ಬರೆದಿದ್ದ ಮಾತ್ರಕ್ಕೆ ಅದು ಸಸ್ಯಾಹಾರ ಎಂದು ದಯವಿಟ್ಟು ನಂಬಬೇಡಿ. ಸಾರು ಒಣಮೀನಿನದಾಗಿರಬಹುದು ಅಥವಾ ದನದ ಮೂಳೆಯದಾಗಿರಬಹುದು, ಮಸಾಲೆಯಲ್ಲಿ ಕೀಮಾ ಇರಬಹುದು. ‘ಗೋಗಿ ಪೆ ಜುಸೆಯೊ’ ಎಂದರೆ ಮಾಂಸದ ತುಂಡುಗಳನ್ನು ಬಿಡುತ್ತಾರೆ, ಸಾರು ಅದೇ ಇರುತ್ತದೆ. ‘ಮ್ಯೊಲ್ಚಿ ಯುಕ್ಸು ದುರೊಗಾಯೊ?’ ಎಂದು ಒಣಮೀನಿನ ಸಾರಿನ ಬಗ್ಗೆ ಬೇರೆಯಾಗಿಯೇ ಕೇಳಬೇಕು. ಕಿಮ್ಚಿಯಲ್ಲಿಯೂ ಹೆಚ್ಚಾಗಿ ಮೀನಿನ ಅಥವಾ ಸಿಗಡಿಯ ಕಳಿತ ರಸ ಇರುತ್ತದೆ. ಕಡಲ ನೀರಿನಲ್ಲಿ ಒಡೆಸಿದ ಬಿಳಿ ಸುಂದುಬು ಮಾತ್ರ, ಅದಕ್ಕೆ ಬೇರೆ ಸಾರು ಹೊಯ್ಯದಿದ್ದರೆ, ಅವರು ನಿಶ್ಚಿಂತೆಯಿಂದ ತಿನ್ನಬಹುದಾದ ಆಹಾರ. ಗಾಂಗ್ನುಂಗ್‌ಗೆ ಇಬ್ಬರೂ ಹೋಗಿ ಎನ್ನುವುದಕ್ಕೆ ಇದು ಇನ್ನೊಂದು ಕಾರಣ.

ಮನೆಯಲ್ಲಾದರೆ ಯಾವ ತೊಡಕೂ ಇಲ್ಲ, ಏಕೆಂದರೆ ಕೊರಿಯಾದ ಬೌದ್ಧ ಮಠಗಳ ಅಡುಗೆ ಈ ದಾರಿಯನ್ನು ಬಹಳ ಹಿಂದೆಯೇ ತೋರಿಸಿದೆ. ಮಾಂಸ ಮೀನುಗಳಿಲ್ಲದ ಆ ಅಡುಗೆಯಲ್ಲಿ ತೋಫುವಿಗೆ ದೊಡ್ಡ ಸ್ಥಾನವಿದೆ. ಜೋಸೊನ್ ಅರಸರ ಕಾಲದಲ್ಲಿ ರಾಜಸಮಾಧಿಗಳ ಪೂಜೆಗೆ ತೋಫು ಮಾಡಿಕೊಡುವ ಹೊಣೆಯನ್ನು ಹೊತ್ತ ಮಠಗಳೇ ಇದ್ದವು. ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು ಮತ್ತು ಅದೇ ಬಳಗದ ಇನ್ನೆರಡು ಸೊಪ್ಪುಗಳ ಜೊತೆಗೆ ಮಠದವರು ವರ್ಜಿಸುವ ಐದನೆಯ ಪದಾರ್ಥ ಇಂಗು. ನಮ್ಮಲ್ಲಿ ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರ ಮನೆಯ ಸಾರಿಗೆ ಇಂಗೇ ಆಸರೆಯಾಗಿರುವಾಗ, ಆ ಮಠಗಳಲ್ಲಿ ಘಮಕ್ಕೆ ಆಸರೆಯಾಗುವುದು ಒಣ ಅಣಬೆ, ದಶಿಮಾ, ಪೆರಿಲ್ಲಾ ಎಣ್ಣೆ ಮತ್ತು ಹಳೆಯ ಸೋಯಾ ಸಾಸ್. ನಾಲ್ಕೈದು ಒಣ ಶಿಟಾಕೆ ಅಣಬೆಗಳನ್ನು ರಾತ್ರಿಯೇ ತಣ್ಣೀರಿನಲ್ಲಿ ನೆನೆಹಾಕಿ. ಬೆಳಿಗ್ಗೆ ಆ ನೀರಿಗೆ ದಶಿಮಾ ಮತ್ತು ಕೆಲವು ಬಿಲ್ಲೆ ಮೂಲಂಗಿ ಸೇರಿಸಿ ಕಾಯಿಸಿ, ದಶಿಮಾವನ್ನು ಕುದಿ ಬಂದೊಡನೆ ತೆಗೆದು, ಮೂಲಂಗಿ ಬೇಯುವವರೆಗೆ ಕುದಿಸಿ. ಪಾತ್ರೆಯಲ್ಲಿ ಪೆರಿಲ್ಲಾ ಎಣ್ಣೆ ಹಾಕಿ ನೆನೆದ ಅಣಬೆಯನ್ನು ಸೀಳಿ ಬಾಡಿಸಿ, ಗುಕ್‌ಗಾಂಜಾಂಗ್ ಹಾಕಿ, ಒಂದು ಲೋಟ ಸಾರು ಹೊಯ್ದು, ತೋಫು ಜಾರಿಸಿ, ಕೊನೆಯಲ್ಲಿ ಎರಡು ದೊಡ್ಡ ಚಮಚ ಪೆರಿಲ್ಲಾ ಬೀಜದ ಪುಡಿ ಸೇರಿಸಿ ಒಂದು ಕುದಿ ಬರಿಸಿ. ಮೊಟ್ಟೆ ಕೊಡುವ ಮಂದತನವನ್ನು ಈ ಪುಡಿಯೇ ಕೊಡುತ್ತದೆ. ಕೆಂಪಗೆ ಬೇಕಿದ್ದ ದಿನ ಮೊದಲು ಹೇಳಿದ ಕ್ರಮದಲ್ಲಿಯೇ ಗೋಚುಗಾರುವನ್ನು ಎಣ್ಣೆಯಲ್ಲಿ ಬಾಡಿಸಿ, ಕೀಮಾದ ಬದಲು ಸಣ್ಣಗೆ ಹೆಚ್ಚಿದ ಅಣಬೆ ಹಾಕಿ. ಅರ್ಧ ಚಿಕ್ಕ ಚಮಚ ದ್ವೆಂಜಾಂಗ್, ಅಂದರೆ ಹುದುಗಿಸಿದ ಸೋಯಾ ಅವರೆಯ ಮುದ್ದೆ ಸೇರಿಸಿದರೆ ಸಾರಿಗೆ ಆಳ ಬರುತ್ತದೆ. ಕೊಳ್ಳುವಾಗ ಅದರಲ್ಲಿ ಒಣಮೀನು ಬೆರೆತಿದೆಯೇ ಎಂದು ಪೊಟ್ಟಣ ಓದಿ ನೋಡಿ.

ಮೈಸೂರಿನಲ್ಲಿ ಇದೆಲ್ಲ ಸಾಧ್ಯವೇ ಎಂದರೆ, ಸಾಧ್ಯ. ಒಣ ಅಣಬೆ, ದಶಿಮಾ, ಪೆರಿಲ್ಲಾ ಪುಡಿ ಹಗುರವಾದ ಒಣ ಪದಾರ್ಥಗಳು, ಬರುವಾಗ ತಂದುಕೊಳ್ಳಬಹುದು. ಗೋಚುಗಾರು ಮುಗಿದ ದಿನ ಬ್ಯಾಡಗಿ ಮೆಣಸಿನಕಾಯಿ ಅದರ ಕೆಲಸವನ್ನು ಬಹುಮಟ್ಟಿಗೆ ಮಾಡುತ್ತದೆ: ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದೇ ಎರಡಕ್ಕೂ ಸಮಾನವಾದ ಗುಣ. ಬೀಜ ತೆಗೆದು, ಹುರಿಯದೆ, ಬಿಸಿಲಿನಲ್ಲಿ ಗರಿಯಾಗಿಸಿ ತರಿತರಿಯಾಗಿ ಪುಡಿ ಮಾಡಿ. ನುಣ್ಣನೆಯ ಪುಡಿ ಎಣ್ಣೆಯಲ್ಲಿ ಬೇಗ ಸೀಯುತ್ತದೆ. ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಗಟ್ಟಿ ತೋಫು ಇದಕ್ಕೆ ಒಗ್ಗುವುದಿಲ್ಲ, ಪನೀರಂತೂ ಸಲ್ಲವೇ ಸಲ್ಲದು. ಮೃದು ತೋಫುವಿನ ಪೊಟ್ಟಣ ಸಿಗದಿದ್ದರೆ ಮನೆಯಲ್ಲೇ ಮಾಡಿ. ಕಾಲು ಕಿಲೋ ಸೋಯಾ ಅವರೆಯನ್ನು ರಾತ್ರಿ ನೆನೆಸಿ, ಒಂದೂವರೆ ಲೀಟರ್ ನೀರು ಸೇರಿಸುತ್ತ ನುಣ್ಣಗೆ ರುಬ್ಬಿ, ದೊಡ್ಡ ಪಾತ್ರೆಯಲ್ಲಿ ಕಾಯಿಸಿ. ನೊರೆ ಬಹಳ ಬೇಗ ಉಕ್ಕುವುದರಿಂದ ಒಲೆಯ ಬಳಿಯೇ ನಿಲ್ಲಬೇಕು, ಹಸಿವಾಸನೆ ಹೋಗುವಂತೆ ಸಣ್ಣ ಉರಿಯಲ್ಲಿ ಹತ್ತು ನಿಮಿಷವಾದರೂ ಕುದಿಸಬೇಕು. ಬಟ್ಟೆಯಲ್ಲಿ ಹಿಂಡಿ ಸೋಸಿ, ಹಾಲಿನ ಬಿಸಿ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿದಾಗ, ಆಹಾರಕ್ಕೆ ಬಳಸುವ ದರ್ಜೆಯ ಮೆಗ್ನೀಶಿಯಂ ಕ್ಲೋರೈಡ್ ಒಂದು ಚಿಕ್ಕ ಚಮಚವನ್ನು ಅರ್ಧ ಲೋಟ ನೀರಿನಲ್ಲಿ ಕರಗಿಸಿ, ಮೂರು ಕಂತಿನಲ್ಲಿ ಮೆಲ್ಲಗೆ ಸೇರಿಸಿ. ತಿಳಿನೀರು ಬೇರೆಯಾಗುವುದು ಕಂಡೊಡನೆ ನಿಲ್ಲಿಸಿ, ಪಾತ್ರೆ ಮುಚ್ಚಿ ಕಾಲು ಗಂಟೆ ಬಿಡಿ. ನಿಂಬೆರಸ ಹಾಕಿದರೂ ಹಾಲು ಒಡೆಯುತ್ತದೆ, ಆದರೆ ಹುಳಿ ಉಳಿದು ತೋಫು ತರಿಯಾಗುವುದರಿಂದ ಬೇಡ. ಹಿಂಡಿ ಉಳಿದ ಚರಟವನ್ನು ಚೆಲ್ಲಬೇಡಿ. ಕೊರಿಯನ್ನರು ಅದರಿಂದಲೂ ಬಿಜಿ ಜಿಗೆ ಎಂಬ ಇನ್ನೊಂದು ಅಡುಗೆ ಮಾಡುತ್ತಾರೆ.

ತುಕ್ಪೆಗಿಯನ್ನು ಹೊತ್ತು ತರುವ ತೊಂದರೆಯೂ ಬೇಕಿಲ್ಲ. ನಮ್ಮ ಹಿರಿಯರು ಸಾರು ಹುಳಿಗಳಿಗೆ ಬಳಸುತ್ತಿದ್ದ ಬಳಪದ ಕಲ್ಲಿನ ಪಾತ್ರೆ ಬಿಸಿಯನ್ನು ಹಿಡಿದಿಡುವುದರಲ್ಲಿ ಅದಕ್ಕೆ ಯಾವ ರೀತಿಯಲ್ಲೂ ಕಡಿಮೆಯಲ್ಲ, ಕೊರಿಯಾದಲ್ಲಿಯೂ ಗೋಪ್‌ದೋಲ್ ಎಂಬ ಅಂಥದೇ ಕಲ್ಲಿನಿಂದ ಅನ್ನದ ಪಾತ್ರೆಗಳನ್ನು ಕಡೆಯುತ್ತಾರೆ. ಹೊಸ ಕಲ್ಲಿನ ಪಾತ್ರೆಯಾದರೆ ಎಣ್ಣೆ ಸವರಿ, ಕೆಲವು ದಿನ ಬಿಸಿ ಗಂಜಿನೀರು ತುಂಬಿಟ್ಟು ಪಳಗಿಸಿ, ಆಮೇಲೆ ಸಣ್ಣ ಉರಿಯಿಂದ ಆರಂಭಿಸಿ. ಕಲ್ಲು ಒಲೆಯಿಂದ ಇಳಿದ ಮೇಲೂ ಬಹಳ ಹೊತ್ತು ಕುದಿಸುತ್ತಿರುವುದರಿಂದ, ತೋಫು ಹಾಕಿ ಎರಡು ನಿಮಿಷಕ್ಕೇ ಉರಿ ಆರಿಸಿ ಬಡಿಸಬಹುದು.